ಸಣ್ಣ ಊರಿನ ಸರ್ಕಾರಿ ಶಾಲೆ: ಮಕ್ಕಳ ಸಂಖ್ಯೆ ಸೋರ್ತಿರೋದು ಎಲ್ಲಿ?

ಹಾಜರಿಪುಸ್ತಕ:
ಪಟ್ಟಣ ಪಂಚಾಯ್ತಿ ಮಟ್ಟದ ಊರುಗಳ ಸರ್ಕಾರಿ ಶಾಲೆಗಳ ಬಗ್ಗೆ ಎರಡು ಪ್ರಶ್ನೆ. ಪ್ರತಿ ವರ್ಷ ಮೇ ಕೊನೇ ವಾರ ದಾಖಲಾತಿ ಆಂದೋಲನ ಅಂತ ತಮಟೆ, ಜಾಥಾ, ಬ್ಯಾನರ್ ಎಲ್ಲಾ ಆಗುತ್ತೆ. ಪುಸ್ತಕ, ಸಮವಸ್ತ್ರ, ಶೂ, ಹಾಲು, ಊಟ, ಮೊಟ್ಟೆ ಯಾವುದಕ್ಕೂ ಕಾಸಿಲ್ಲ. ಆದ್ರೂ ಒಂದನೇ ತರಗತಿಗೆ ಏಳೆಂಟು ಮಕ್ಕಳು. ಪಕ್ಕದ ರಸ್ತೆಯ ಶೀಟ್ ಮನೆ 'ಕಾನ್ವೆಂಟ್'ಗೆ ಜನ ಸಾಲ ಮಾಡಿ ಫೀ ಕಟ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿ) ಏನು ಮಾಡಿದ್ರೆ ಸಂಖ್ಯೆ ಏರುತ್ತೆ?
ಎರಡನೇದು, ಎಸ್ಸೆಸ್ಸೆಲ್ಸಿ ಶೇಕಡಾವಾರು ನೋಡಿ ಶಾಲೆ ಅಳೆಯೋದು ಸರಿನಾ? ಭಾಷಣ ಬೇಡ, ಲೆಕ್ಕ ಹೇಳಿ.

ಮೂರನೇಬೆಂಚು:
ಇಂಗ್ಲಿಷ್. ಬೇರೆ ಕಾರಣ ಹುಡುಕೋದು ದಂಡ.

ಕಪ್ಪುಹಲಗೆ:
ಇಂಗ್ಲಿಷ್ ಅನ್ನೋದು ಅರ್ಧ ಸತ್ಯ ಸರ್. ಜಾಥಾ ಹೊರಡೋ ಹೊತ್ತಿಗೆ ಆಟ ಮುಗಿದು ಎರಡು ವರ್ಷ ಆಗಿರುತ್ತೆ. ಖಾಸಗಿ ಶಾಲೆ ಬಾಗಿಲು ತೆಗೆಯೋದು ಮಗುವಿನ ಮೂರೂವರೆ, ನಾಲ್ಕನೇ ವಯಸ್ಸಿಗೆ, ಎಲ್‌ಕೆಜಿಯಲ್ಲಿ. ಬಹುಪಾಲು ಸರ್ಕಾರಿ ಶಾಲೆ ಬಾಗಿಲು ತೆಗೆಯೋದು ಒಂದನೇ ಕ್ಲಾಸಿಗೆ. ಎರಡು ವರ್ಷ ಒಂದು ಕಡೆ ಕೂತ ಮಗುವನ್ನ ಕಿತ್ತು ಇನ್ನೊಂದು ಕಡೆ ನೆಡೋ ತಂದೆತಾಯಿ ಎಷ್ಟು ಜನ ಸಿಗ್ತಾರೆ? ಗೆಳೆಯರು, ವ್ಯಾನು, ಈಗಾಗ್ಲೇ ಕಟ್ಟಿದ ದುಡ್ಡು ಎಲ್ಲಾ ಅಲ್ಲೇ ಹಿಡ್ಕೊಳ್ಳುತ್ತೆ.

ಹಾಗಾಗಿ ಕೆಲಸ ಶುರುವಾಗ್ಬೇಕಾದ್ದು ಜೂನ್‌ನಲ್ಲಲ್ಲ, ಜನವರಿಯಲ್ಲಿ. ಅಂಗನವಾಡಿ ಸರ್ವೆ ಪುಸ್ತಕದಿಂದ ಶಾಲೆಯ ಸುತ್ತಲಿನ ಬೀದಿಗಳ ಮಕ್ಕಳ ಪಟ್ಟಿ ತಗೊಳ್ಳಿ. 3 ತುಂಬಿದವರು, 4 ತುಂಬಿದವರು, 5 ತುಂಬಿದವರು ಅಂತ ಮೂರು ಗುಂಪು ಮಾಡಿ. ಐದು ತುಂಬಿ ಯುಕೆಜಿಯಲ್ಲಿರೋರ ಮನೆ ಸುತ್ತಿ ಚಪ್ಪಲಿ ಸವೆಸ್ಬೇಡಿ. ಅಣ್ಣನೋ ಅಕ್ಕನೋ ನಿಮ್ಮ ಶಾಲೆಯಲ್ಲೇ ಇದ್ದರೆ ಮಾತ್ರ ಹೋಗಿ. ಪೂರ್ತಿ ಗಮನ 3 ಮತ್ತು 4ರ ಮೇಲಿರಲಿ.

ಮಂಡಿಗಿ:
ಅಲ್ರೀ, ಸರ್ಕಾರಿ ಸಾಲ್ಯಾಗ ಎಲ್‌ಕೆಜಿ ತಗದ್ರ ಅಂಗನವಾಡಿ ಗತಿ ಏನ್ರಿ? 2024ರಾಗ ಇದಕ್ಕಂತನ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿಗೆ ಹೋಗಿ ಹೋರಾಟ ಮಾಡಿದ್ರು. ಒಂದು ಕೈಲೆ ಕೊಟ್ಟು ಇನ್ನೊಂದು ಕೈಲೆ ಕಸಗೊಂಡಂಗ ಆಗ್ತದ.

ಕಪ್ಪುಹಲಗೆ:
ನಿಜ ಮಂಡಿಗಿಯವ್ರೇ, ಅದು ಗಂಟು. ಅಂಗನವಾಡಿ ಬೇರೆ ಇಲಾಖೆ, ಶಾಲೆ ಬೇರೆ ಇಲಾಖೆ. ಆದ್ರೆ ಶಾಲೆಯ ಕಾಂಪೌಂಡ್ ಒಳಗೇ ಅಂಗನವಾಡಿ ಇರೋ ಕಡೆ ಜಗಳವಿಲ್ಲದೆ ಆಗೋ ಕೆಲಸ ಒಂದಿದೆ. ಒಂದನೇ ತರಗತಿ ಟೀಚರ್ ವಾರಕ್ಕೆ ಎರಡು ದಿನ ಅರ್ಧ ಗಂಟೆ ಅಲ್ಲಿ ಹೋಗಿ ಹಾಡು, ಕಥೆ ಮಾಡ್ಸಲಿ. ಮಗುವಿಗೂ ತಾಯಿಗೂ ಟೀಚರ್ ಮುಖ ಪರಿಚಯ ಆಗುತ್ತೆ. ಬ್ಯಾನರ್‌ಗಿಂತ ಇದು ಕೆಲಸ ಮಾಡುತ್ತೆ.

ಬೆಲ್‌ಹೊಡೀರಿ:
ವಯಸ್ಸಿನ ನಿಯಮವನ್ನೂ ಸೇರಿಸ್ಕೊಳ್ಳಿ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರ್ಬೇಕು ಅಂತ 2022ರಲ್ಲೇ ಆದೇಶ ಆಯ್ತು. 2025-26ಕ್ಕೆ ಮಾತ್ರ, ಯುಕೆಜಿ ಮುಗಿಸಿದ್ರೆ 5 ವರ್ಷ 5 ತಿಂಗಳು ಸಾಕು ಅಂತ ಸಡಿಲ ಮಾಡಿದ್ರು. 2026-27ರಿಂದ ಸಡಿಲಿಕೆ ಇಲ್ಲ ಅಂತ ಆಗಲೇ ಹೇಳಿದ್ರು. ಎಲ್‌ಕೆಜಿ ಇಲ್ಲದ ಸರ್ಕಾರಿ ಶಾಲೆಗೆ ಇದು ನೇರ ಪೆಟ್ಟು. ಐದೂವರೆ ವರ್ಷದ ಮಗುವನ್ನ "ಮುಂದಿನ ವರ್ಷ ಬನ್ನಿ" ಅಂತ ವಾಪಸ್ ಕಳ್ಸಿದ್ರೆ, ಆ ಒಂದು ವರ್ಷ ಅದು ಯಾರದೋ ಯುಕೆಜಿಯಲ್ಲಿ ಕೂರುತ್ತೆ. ಮುಂದಿನ ವರ್ಷ ವಾಪಸ್ ಬರುತ್ತಾ?

ಹಾಜರಿಪುಸ್ತಕ:
ಇದು ತಲೆಗೇ ಹೊಳೆದಿರ್ಲಿಲ್ಲ. ವಾಪಸ್ ಕಳ್ಸಿದ ಮಕ್ಕಳದ್ದೊಂದು ಪಟ್ಟಿ ಇಟ್ಕೊಳ್ಬೇಕು ಹಾಗಾದ್ರೆ.

ಬೆಲ್‌ಹೊಡೀರಿ:
ಹೆಸರು, ಹುಟ್ಟಿದ ದಿನಾಂಕ, ಫೋನ್ ನಂಬರ್. ಫೆಬ್ರವರಿಯಲ್ಲಿ ಮೊದಲ ಫೋನ್ ಅವ್ರಿಗೆ.

ಸೊನ್ನೆಸುತ್ತು:
ಲೆಕ್ಕ ಕೇಳಿದ್ರಲ್ಲ, ತಗೊಳ್ಳಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ 1ರಿಂದ 5ರವರೆಗೆ ಒಟ್ಟು 60 ಮಕ್ಕಳ ತನಕ ಇಬ್ಬರೇ ಶಿಕ್ಷಕರು. 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. ಅಂದ್ರೆ 62 ಮಕ್ಕಳಿರೋ ಶಾಲೆಯಿಂದ ಇಬ್ಬರು ಟಿಸಿ ತಗೊಂಡ್ರೆ ಒಂದು ಹುದ್ದೆ 'ಹೆಚ್ಚುವರಿ' ಆಗುತ್ತೆ, ಮರುಹೊಂದಾಣಿಕೆ ಕೌನ್ಸೆಲಿಂಗ್‌ನಲ್ಲಿ ಹೊರಟುಹೋಗುತ್ತೆ. ಉಳಿದ ಇಬ್ಬರು ಐದು ತರಗತಿ ನೋಡ್ಬೇಕು. ಅದನ್ನ ನೋಡಿ ಇನ್ನೂ ನಾಲ್ಕು ಮನೆಯವ್ರು ಮಗು ಬಿಡಿಸ್ತಾರೆ. ಮೆಟ್ಟಿಲಿಂದ ಜಾರಿದ ಹಾಗೆ, ಒಂದೊಂದೇ ಅಲ್ಲ.

ಅನುದಾನದ್ದೂ ಇದೇ ಕಥೆ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ 30 ಮಕ್ಕಳ ತನಕ 10,000 ರೂಪಾಯಿ, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000, 251ರಿಂದ 1,000ಕ್ಕೆ 75,000. ಅದರಲ್ಲಿ ಶೇ 10 ಸ್ವಚ್ಛತೆಗೆ ಮೀಸಲು. 31ನೇ ಮಗುವಿನ ಬೆಲೆ 15,000 ರೂಪಾಯಿ. ಹಾಗಾಗಿ "ಮಕ್ಕಳ ಸಂಖ್ಯೆ ಹೆಚ್ಚಿಸೋಣ" ಅನ್ನೋ ಗುರಿ ಗಾಳಿಮಾತು. ನಿಮ್ಮ ಶಾಲೆ ಯಾವ ಮೆಟ್ಟಿಲ ಅಂಚಿನಲ್ಲಿದೆ ಅಂತ ಮೊದಲು ನೋಡಿ. 58 ಇದ್ರೆ ಗುರಿ 61. 88 ಇದ್ರೆ ಗುರಿ 91.

ಮೂರನೇಬೆಂಚು:
30 ಮಕ್ಕಳಿಗೆ ಒಬ್ಬ ಶಿಕ್ಷಕ ಅಂತ ಅಲ್ವಾ ನಿಯಮ? 15 ಮಕ್ಕಳಿದ್ರೆ ಒಬ್ಬರೇ ಸಾಕಲ್ಲ.

ಸೊನ್ನೆಸುತ್ತು:
ಅಲ್ಲ. 15 ಇದ್ರೂ ಇಬ್ಬರು. ಕಾಯ್ದೆಯ ಅನುಸೂಚಿಯಲ್ಲಿ ಮೊದಲ ಸಾಲೇ ಅದು. ಏಕೋಪಾಧ್ಯಾಯ ಶಾಲೆ ನಡೀತಿದ್ರೆ ಅದು ಹುದ್ದೆ ಖಾಲಿ ಬಿಟ್ಟಿರೋದ್ರಿಂದ, ನಿಯಮದಿಂದಲ್ಲ. ಎಸ್‌ಡಿಎಂಸಿ ಠರಾವಿನಲ್ಲಿ ಈ ಮಾತನ್ನೇ ಬರೆದು ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಕೊಡಿ, ಸ್ವೀಕೃತಿ ಸಹಿ ತಗೊಳ್ಳಿ. ಬಾಯಿಮಾತಿನ ಮನವಿಗೆ ಕಡತ ಇರಲ್ಲ.

ಅರ್ಧಸೀಮೆಸುಣ್ಣ:
6ರಿಂದ 8ಕ್ಕೆ ಲೆಕ್ಕ ಬೇರೆ, ಮರೀಬೇಡಿ. ಅಲ್ಲಿ 35 ಮಕ್ಕಳಿಗೆ ಒಬ್ಬರು. ಅಷ್ಟೇ ಅಲ್ಲ, ವಿಜ್ಞಾನ-ಗಣಿತ, ಸಮಾಜ ವಿಜ್ಞಾನ, ಭಾಷೆ ಮೂರಕ್ಕೂ ಆಳು ಬೇಕು. ಗಣಿತದ ಟೀಚರ್ ಇಲ್ಲದ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6, 7 ಮುಗಿಸಿದ ಮಗು ಹೈಸ್ಕೂಲಿಗೆ ಬಂದಾಗ ಬೀಜಗಣಿತದಲ್ಲಿ ಅಕ್ಷರ ಯಾಕೆ ಬಂತು ಅಂತಲೇ ಗೊತ್ತಿರಲ್ಲ. ಎಸ್ಸೆಸ್ಸೆಲ್ಸಿ ಫೇಲು ಅಲ್ಲೇ ನಿರ್ಧಾರ ಆಗಿರುತ್ತೆ, ಹತ್ತರಲ್ಲಲ್ಲ.

ತಾಲ್ಲೂಕುಬಸ್ಸು:
ಇನ್ನೊಂದು ಸೋರಿಕೆ ಯಾರೂ ಹೇಳ್ಲಿಲ್ಲ. ಐದನೇ ತರಗತಿ ಮುಗಿದ ತಕ್ಷಣ ಓದೋ ಮಕ್ಕಳು ನವೋದಯ, ಮೊರಾರ್ಜಿ, ಕಿತ್ತೂರು ರಾಣಿ ಚೆನ್ನಮ್ಮ, ಆದರ್ಶ ವಿದ್ಯಾಲಯ ಅಂತ ಪರೀಕ್ಷೆ ಬರೆದು ಹೋಗ್ತಾರೆ. ಎಲ್ಲಾ ಸರ್ಕಾರದ್ದೇ. ತಪ್ಪೇನಿಲ್ಲ, ಮಗುವಿಗೆ ಒಳ್ಳೇದೇ. ಆದ್ರೆ ಊರಿನ ಶಾಲೆಯ 6ನೇ ತರಗತಿ ಹಾಜರಿ ಕರಗುತ್ತೆ, ಐದು ವರ್ಷ ಆದ್ಮೇಲೆ ಊರಿನ ಹೈಸ್ಕೂಲ್ ಫಲಿತಾಂಶವೂ ಕುಸಿಯುತ್ತೆ. ಒಳ್ಳೆ ಮೇಷ್ಟ್ರು ಹೆಚ್ಚು ಮಕ್ಕಳನ್ನ ಪಾಸು ಮಾಡ್ಸಿದಷ್ಟೂ ಅವರ ಶಾಲೆ ಬಡವಾಗುತ್ತೆ. ದಾಖಲಾತಿ ಪರಿಶೀಲನೆಗೆ ಬಂದವರು ಇದನ್ನ 'ಕುಸಿತ' ಅಂತ ಬರ್ಕೊಂಡು ಹೋಗ್ತಾರೆ.

ಇದಕ್ಕೆ ಮದ್ದು ಒಂದೇ, ಟಿಸಿ ಪಟ್ಟಿಯನ್ನ ಎರಡು ಭಾಗ ಮಾಡಿ ಸಭೆಯಲ್ಲಿ ಓದೋದು. ಸರ್ಕಾರಿ ವಸತಿ ಶಾಲೆಗೆ ಹೋದವರು ಒಂದು ಕಡೆ, ಖಾಸಗಿಗೆ ಹೋದವರು ಇನ್ನೊಂದು ಕಡೆ. ಮೊದಲನೇ ಪಟ್ಟಿಯನ್ನ ಗೇಟಿನ ಮೇಲೆ ಬರೆಸಿ. ಶಾಲೆಯ ಜಾಹೀರಾತು ಅದೇ.

ಗಣಿತಕಷ್ಟ:
ಎರಡನೇ ಪ್ರಶ್ನೆಗೆ ನನ್ನ ಉತ್ತರ. ಶೇಕಡಾವಾರು ಒಂಟಿಯಾಗಿ ಏನೂ ಹೇಳಲ್ಲ. ಹತ್ತನೇ ತರಗತಿಯಲ್ಲಿ 12 ಮಕ್ಕಳಿದ್ರೆ ಒಬ್ಬ ಫೇಲಾದ್ರೆ 91.67, ಇಬ್ಬರಾದ್ರೆ 83.33. 120 ಮಕ್ಕಳ ಶಾಲೆಯಲ್ಲಿ ಅದೇ ಇಬ್ಬರು ಫೇಲಾದ್ರೆ 98.33. ಸಣ್ಣ ಶಾಲೆಯ ಒಂದು ವರ್ಷದ ಅಂಕಿ ನೋಡಿ ಕುಣಿಯೋದೂ ಬೇಡ, ಅಳೋದೂ ಬೇಡ. ಮೂರು ವರ್ಷದ ಮಕ್ಕಳನ್ನ ಕೂಡಿಸಿ ಭಾಗಿಸಿ.

ಇನ್ನು ರಾಜ್ಯದ ಅಳತೆಗೋಲೇ ಅಲ್ಲಾಡ್ತಿದೆ. 2023ರಲ್ಲಿ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ ಎಷ್ಟು ಬಿತ್ತು ಅಂದ್ರೆ ಕೃಪಾಂಕ ಶೇ 10ರಿಂದ 20ಕ್ಕೆ ಏರಿಸಿದ ಮೇಲೂ 73.40. 2025ರ ಪರೀಕ್ಷೆ-1ರಲ್ಲಿ ಆ ಕೃಪೆ ಇಲ್ಲದೆ 66.14. ದಕ್ಷಿಣ ಕನ್ನಡ 91.12, ಕಲಬುರಗಿ 42.43. ಆಮೇಲೆ ಪಾಸಿನ ಗೆರೆಯನ್ನೇ ಶೇ 35ರಿಂದ 33ಕ್ಕೆ ಇಳಿಸೋ ಘೋಷಣೆ ಆಯ್ತು, 625ಕ್ಕೆ 219 ಬೇಕಿದ್ದದ್ದು 206. ನಿಮ್ಮ ಶಾಲೆ 2023ರಲ್ಲಿ 85, 2025ರಲ್ಲಿ 70 ಅಂದ್ರೆ ಕೆಟ್ಟಿತು ಅಂತಲ್ಲ, ರಾಜ್ಯಕ್ಕಿಂತ ಮೊದಲು 1 ಮುಂದೆ ಇತ್ತು, ಈಗ ಸುಮಾರು 4 ಮುಂದೆ ಇದೆ. ಯಾವಾಗ್ಲೂ ಅದೇ ವರ್ಷದ ರಾಜ್ಯದ, ತಾಲ್ಲೂಕಿನ ಸರಾಸರಿ ಪಕ್ಕಕ್ಕಿಟ್ಟು ನೋಡಿ.

ಮೂರನೇಬೆಂಚು:
ಕಾನ್ವೆಂಟ್ ಬ್ಯಾನರ್‌ನಲ್ಲಿ ಶೇ 100 ಅಂತ ಇರುತ್ತಲ್ಲ ಗುರುಗಳೇ, ಅದಕ್ಕೇನಂತೀರಾ?

ಗಣಿತಕಷ್ಟ:
ಒಂದೇ ಪ್ರಶ್ನೆ ಕೇಳಿ: ಎರಡು ವರ್ಷದ ಹಿಂದೆ ಎಂಟನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ರು? 40 ಇದ್ದು ಪರೀಕ್ಷೆಗೆ 31 ಕೂತಿದ್ರೆ ಉಳಿದ 9 ಎಲ್ಲಿ? ಒಂಬತ್ತರಲ್ಲಿ "ನಿಮ್ಮ ಹುಡುಗನಿಗೆ ಇಲ್ಲಿ ಕಷ್ಟ" ಅಂತ ಟಿಸಿ ಕೊಟ್ಟು ಕಳ್ಸಿದ್ರೆ ಆ ಮಗು ಬಂದು ಕೂರೋದು ಸರ್ಕಾರಿ ಹೈಸ್ಕೂಲಿನಲ್ಲಿ. ಸರ್ಕಾರಿ ಶಾಲೆ ಯಾರಿಗೂ ಬಾಗಿಲು ಹಾಕಂಗಿಲ್ಲ. ಒಂದೇ ಮಗು, ಅಲ್ಲಿ ನೂರನ್ನ ಉಳಿಸುತ್ತೆ, ಇಲ್ಲಿ ಎಪ್ಪತ್ತನ್ನ ಇಳಿಸುತ್ತೆ.

ಇಸ್ತ್ರಿಅಂಗಿ:
ಎಲ್ಲಾ ಖಾಸಗಿ ಶಾಲೆಗಳೂ ಹಾಗೇ ಅಂತ ಬಣ್ಣ ಬಳೀಬೇಡಿ. ಜನ ಸುಮ್ನೆ ಹೋಗಲ್ಲ. ಪ್ರತಿ ತರಗತಿಗೂ ಒಬ್ಬ ಟೀಚರ್ ಇರ್ತಾರೆ, ದಿನಾ ಹೋಂವರ್ಕ್ ಡೈರಿ ಮನೆಗೆ ಬರುತ್ತೆ, ಮಗು ಒಂದು ದಿನ ಬರದಿದ್ರೆ ಫೋನ್ ಬರುತ್ತೆ. ಕಲಿಕೆ ಎಷ್ಟು ಅನ್ನೋದು ಆಮೇಲಿನ ಮಾತು, ವಿಚಾರಿಸೋರು ಇದ್ದಾರೆ ಅನ್ನೋ ನಂಬಿಕೆ ಅಲ್ಲಿ ಸಿಗುತ್ತೆ. ಮೂರು ವಿಷಯದಲ್ಲಿ ಡೈರಿ, ಫೋನ್ ಎರಡಕ್ಕೆ ಸರ್ಕಾರಿ ಶಾಲೆಗೆ ದುಡ್ಡೇ ಬೇಡ.

ಕಪ್ಪುಹಲಗೆ:
ಒಪ್ಪಿದೆ. ಡೈರಿ ಮಾತು ನೂರಕ್ಕೆ ನೂರು ಸರಿ.

ಬೆಲ್‌ಹೊಡೀರಿ:
ಫೋನ್ ಮಾಡೋಕೆ ಟೀಚರ್ ತರಗತಿಯಲ್ಲಿ ಇರ್ಬೇಕಲ್ಲ ಸ್ವಾಮಿ! ಬಿಎಲ್‌ಒ ಅಂತ ಮತದಾರರ ಪಟ್ಟಿ ಕೆಲಸ, ಎಸ್‌ಎಟಿಎಸ್ ಅನ್ನೋ ಮಕ್ಕಳ ಆನ್‌ಲೈನ್ ದಾಖಲೆಗೆ ಎಂಟ್ರಿ, ಮೊಟ್ಟೆ ಲೆಕ್ಕ, ಹಾಲಿನಪುಡಿ ಲೆಕ್ಕ. 2025ರಲ್ಲಿ ಜಾತಿವಾರು ಸಮೀಕ್ಷೆಗೆ ಶಿಕ್ಷಕರು ಬೇಕು ಅಂತ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರ ತನಕ ಎಳೆದ್ರು. ಅಷ್ಟು ದಿನ ಎದುರು ಮನೆ ಮಗು ಟೈ ಕಟ್ಕೊಂಡು ಹೋಗೋದನ್ನ ಸರ್ಕಾರಿ ಶಾಲೆ ಮಗುವಿನ ತಾಯಿ ಬಾಗಿಲಲ್ಲಿ ನಿಂತು ನೋಡಿದಾಳೆ.

ಪೆನ್ಸಿಲ್‌ತುದಿ:
ಮೇಷ್ಟ್ರ ಮಕ್ಕಳೇ ಕಾನ್ವೆಂಟ್‌ಗೆ ಹೋಗ್ತಾರೆ, ಇನ್ನೇನು ಮಾತು.

ಅರ್ಧಸೀಮೆಸುಣ್ಣ:
ಬಂತು ನೋಡಿ, ಇದಿಲ್ದೆ ಚರ್ಚೆ ಮುಗಿಯಲ್ಲ ಅಂತ ಗೊತ್ತಿತ್ತು.

ಮಂಡಿಗಿ:
ಮೇಷ್ಟ್ರ ಮಕ್ಕಳ್ನ ಬಿಡ್ರಿ, ಇಂಗ್ಲಿಷಿಂದು ಯಾರೂ ಬಗಿಹರಿಸವಲ್ರಿ. 2014ರಾಗ ಸುಪ್ರೀಂ ಕೋರ್ಟು ಮಾಧ್ಯಮ ಆರ್ಸೋದು ತಂದಿತಾಯಿ ಹಕ್ಕು ಅಂತ ತೀರ್ಪು ಕೊಡ್ತು. 2019ರಾಗ ಸಾವಿರ ಸರ್ಕಾರಿ ಸಾಲಿಯೊಳಗ ಇಂಗ್ಲಿಷ್ ಮಾಧ್ಯಮ ವಿಭಾಗ ಸುರು ಮಾಡಿದ್ರು. ಹಂಗಾರ ಅದರಿಂದ ಸಂಖ್ಯಾ ಏರ್ತದೋ ಇಲ್ಲೋ?

ಕಪ್ಪುಹಲಗೆ:
ಒಂದನೇ ತರಗತಿಗೆ ಏರುತ್ತೆ. ಕೆಡೋದು ಎಲ್ಲಿ ಅಂದ್ರೆ, ಹೊಸ ವಿಭಾಗಕ್ಕೆ ಹೊಸ ಹುದ್ದೆ ಬರದಿದ್ದಾಗ. ಕನ್ನಡ ಮಾಧ್ಯಮದ ಟೀಚರೇ ಎರಡೂ ಸೆಕ್ಷನ್ ನೋಡ್ತಾರೆ. ಪುಸ್ತಕ ದ್ವಿಭಾಷೆಯದು, ಪಾಠ ನಡೆಯೋದು ಕನ್ನಡದಲ್ಲಿ, ಪರೀಕ್ಷೆ ಬರೆಯೋದು ಇಂಗ್ಲಿಷ್‌ನಲ್ಲಿ. ಮಗು ಉತ್ತರವನ್ನ ಚಿತ್ರದ ಹಾಗೆ ಬಾಯಿಪಾಠ ಮಾಡುತ್ತೆ. ನಾಲ್ಕನೇ ತರಗತಿಯ ಪರಿಸರ ಅಧ್ಯಯನಕ್ಕೆ ಬರೋ ಹೊತ್ತಿಗೆ ಸಾಲು ಉದ್ದ ಆಗುತ್ತೆ, ಬಾಯಿಪಾಠ ಕೈ ಕೊಡುತ್ತೆ. ಕನ್ನಡ ಓದೋದೂ ಗಟ್ಟಿಯಾಗಿರಲ್ಲ. ಎರಡೂ ದೋಣಿಗೆ ಕಾಲು.

ವಿಭಾಗ ಕೇಳೋ ಮುಂಚೆ ಎಸ್‌ಡಿಎಂಸಿ ಕೇಳ್ಬೇಕಾದ್ದು ಇಷ್ಟೆ: ಇಂಗ್ಲಿಷ್ ಮಾತಾಡಿ ಪಾಠ ಮಾಡ್ಬಲ್ಲ ಒಬ್ಬರು ಯಾರು, ಅವರು ವರ್ಗಾವಣೆ ಆದ್ರೆ ಎರಡನೆಯವರು ಯಾರು? ಉತ್ತರ ಇಲ್ಲದಿದ್ರೆ, 2007ರಿಂದಲೇ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದೆಯಲ್ಲ, ಅದನ್ನೇ ದಿನಕ್ಕೊಂದು ಪೀರಿಯಡ್ ಬಿಡದೆ ಮಾಡಿದ್ರೆ ಮೇಲು.

ತಾಲ್ಲೂಕುಬಸ್ಸು:
ಮೀಸಲಾತಿ ವಿಷಯ ಪೋಷಕರಿಗೆ ಹೇಳೋರೇ ಇಲ್ಲ. 1ರಿಂದ 10 ಕನ್ನಡ ಮಾಧ್ಯಮದಲ್ಲಿ ಓದಿದ್ರೆ ಸಿಇಟಿಯಲ್ಲಿ ಶೇ 5, ಗ್ರಾಮೀಣಕ್ಕೆ ಶೇ 15. ಆದ್ರೆ ಇಲ್ಲೊಂದು ಗುಂಡಿ ಇದೆ. ಗ್ರಾಮೀಣ ಅಂದ್ರೆ ಹತ್ತೂ ವರ್ಷ ಹಳ್ಳಿ ವ್ಯಾಪ್ತಿಯ ಶಾಲೆಯಲ್ಲೇ ಓದಿರ್ಬೇಕು. ಪಟ್ಟಣ ಪಂಚಾಯ್ತಿ ಕೂಡ ಹಳ್ಳಿಯಲ್ಲ. ಹಳ್ಳಿ ಮಗು ವ್ಯಾನ್ ಹತ್ತಿ ಪಟ್ಟಣದ ಶಾಲೆಗೆ ಎರಡೇ ವರ್ಷ ಹೋಗಿದ್ರೂ ಆ ಹಕ್ಕು ಹೋಯ್ತು. ಪಿಯುಸಿ ಮುಗಿಸಿ ಸಿಇಟಿ ಅರ್ಜಿ ತುಂಬುವಾಗ ತಲೆ ಮೇಲೆ ಕೈ.

ಇಸ್ತ್ರಿಅಂಗಿ:
ಇದು ಪಟ್ಟಣದ ಸರ್ಕಾರಿ ಶಾಲೆಗೂ ಅನ್ವಯ ಆಗುತ್ತಲ್ಲ?

ತಾಲ್ಲೂಕುಬಸ್ಸು:
ಹೌದು, ಸರ್ಕಾರಿಯೋ ಖಾಸಗಿಯೋ ಅನ್ನೋದು ಲೆಕ್ಕಕ್ಕಿಲ್ಲ, ಶಾಲೆ ಇರೋ ಜಾಗ ಮುಖ್ಯ. ಪಟ್ಟಣದ ಶಾಲೆ ತೋರಿಸ್ಬೇಕಾದ್ದು ಕನ್ನಡ ಮಾಧ್ಯಮದ ಶೇ 5, ಮತ್ತೆ ಎನ್‌ಎಂಎಂಎಸ್ ಅನ್ನೋ ಕೇಂದ್ರದ ವಿದ್ಯಾರ್ಥಿವೇತನ. ಎಂಟನೇ ತರಗತಿಯಲ್ಲಿ ಬರೆಯೋ ಪರೀಕ್ಷೆ, ಆಯ್ಕೆಯಾದ್ರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000, ನಾಲ್ಕು ವರ್ಷಕ್ಕೆ 48,000. ಕುಟುಂಬದ ಆದಾಯ 3.5 ಲಕ್ಷ ಮೀರಬಾರದು. ಸರ್ಕಾರಿ, ಅನುದಾನಿತ ಶಾಲೆಯವರಿಗಷ್ಟೇ, ಖಾಸಗಿಯವರಿಗಿಲ್ಲ, ಸರ್ಕಾರಿ ವಸತಿ ಶಾಲೆಯವರಿಗೂ ಇಲ್ಲ. ಎರಡು ಪತ್ರಿಕೆ, 90 ಪ್ರಶ್ನೆ ಬೌದ್ಧಿಕ ಸಾಮರ್ಥ್ಯ, 90 ಪ್ರಶ್ನೆ ಪಠ್ಯದ್ದು. ಮಕ್ಕಳು ಎಡವೋದು ಮೊದಲನೇದ್ರಲ್ಲಿ, ಅಂಥ ಪ್ರಶ್ನೆಯನ್ನ ಅವರು ನೋಡೇ ಇರಲ್ಲ. ಏಳನೇ ತರಗತಿಯಿಂದ ವಾರಕ್ಕೆ 20 ಪ್ರಶ್ನೆ ಬಿಡಿಸಿದ್ರೆ ಹೆದರಿಕೆ ಹೋಗುತ್ತೆ.

ಪೆನ್ಸಿಲ್‌ತುದಿ:
ಆರ್‌ಟಿಇ ಸೀಟು ಅಂತ ಖಾಸಗಿಗೆ ಹೋಗ್ತಿದ್ರಲ್ಲ, ಅದು ನಿಂತಿಲ್ವಾ? ನಿಂತ್ರೂ ಯಾಕೆ ಮಕ್ಕಳು ವಾಪಸ್ ಬರ್ಲಿಲ್ಲ?

ಸೊನ್ನೆಸುತ್ತು:
2019-20ರಿಂದ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಅಲ್ಲಿನ ಖಾಸಗಿ ಶಾಲೆ ಶೇ 25 ಸೀಟು ಕೊಡ್ಬೇಕಿಲ್ಲ ಅಂತ ನಿಯಮ ಬದಲಾಯ್ತು. ಸಣ್ಣ ಊರಿನಲ್ಲಿ ಸರ್ಕಾರಿ ಶಾಲೆ ಇಲ್ಲದ ಬೀದಿ ಯಾವುದು? ಸೀಟು ಹೆಚ್ಚುಕಮ್ಮಿ ಮಾಯ. ಆದ್ರೆ ಅಷ್ಟರಲ್ಲಿ ಜನಕ್ಕೆ ಆ ಶಾಲೆ ರೂಢಿ ಆಗಿತ್ತು. ಅಣ್ಣ ಪುಕ್ಕಟೆ ಓದಿದ ಶಾಲೆಗೆ ತಮ್ಮ ಫೀ ಕಟ್ಟಿ ಹೋಗ್ತಾನೆ.

ಬೆಲ್‌ಹೊಡೀರಿ:
ವಿಲೀನದ ಭಯವನ್ನೂ ಹೇಳಿ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದ ಕರ್ನಾಟಕ ಪಬ್ಲಿಕ್ ಶಾಲೆ ಬರುತ್ತೆ ಅಂದ ಕೂಡ್ಲೇ ಸುತ್ತಲಿನ ಸಣ್ಣ ಶಾಲೆ ಮುಚ್ತಾರೆ ಅನ್ನೋ ಸುದ್ದಿ ಹಬ್ಬುತ್ತೆ. ಮುಚ್ಚೋ ಶಾಲೆಗೆ ಯಾರು ಮಗು ಸೇರಿಸ್ತಾರೆ? ಸುದ್ದಿಯೇ ಮುಚ್ಚಿಸಿಬಿಡುತ್ತೆ.

ಇಸ್ತ್ರಿಅಂಗಿ:
ನನ್ನ ಕೇಳಿದ್ರೆ ಒಂದೇ ಊರಲ್ಲಿ ಒಂದು ಕಿಲೋಮೀಟರ್ ಒಳಗೆ 14, 19, 22 ಮಕ್ಕಳ ಮೂರು ಶಾಲೆ ಇಡೋದಕ್ಕಿಂತ ಒಂದು ಮಾಡೋದೇ ಸರಿ. 55 ಮಕ್ಕಳಿಗೆ ಆರು ಜನ ಟೀಚರ್, ತರಗತಿಗೊಬ್ಬರು.

ಸೊನ್ನೆಸುತ್ತು:
ಅಯ್ಯೋ, ಅಲ್ಲೇ ಮೋಸ. ಸೇರಿಸಿದ ಮೇಲೆ ಆರು ಜನ ಉಳಿಯಲ್ಲ. 55 ಅಂದ್ರೆ ಮೇಲಿನ ಲೆಕ್ಕದಲ್ಲಿ ಇಬ್ಬರು! ನಾಲ್ವರು ಹೆಚ್ಚುವರಿ. ಅನುದಾನ ಮೂರು ಹತ್ತು ಸಾವಿರ ಇದ್ದದ್ದು ಒಂದು ಇಪ್ಪತ್ತೈದು ಸಾವಿರ ಆಗುತ್ತೆ. "ತರಗತಿಗೊಬ್ಬ ಶಿಕ್ಷಕರನ್ನ ಉಳಿಸ್ತೀವಿ" ಅಂತ ಬರವಣಿಗೆಯಲ್ಲಿ ಕೊಡೋ ತನಕ ವಿಲೀನಕ್ಕೆ ಠರಾವು ಮಾಡ್ಬಾರ್ದು. ನೆರೆಹೊರೆ ಮಿತಿ 1ರಿಂದ 5ಕ್ಕೆ ಒಂದು ಕಿಲೋಮೀಟರ್, 6ರಿಂದ 8ಕ್ಕೆ ಮೂರು. ಮಧ್ಯೆ ಹೆದ್ದಾರಿ, ರೈಲು ಹಳಿ, ಹಳ್ಳ ಇದ್ರೆ ನಕ್ಷೆಯ ದೂರ ಅಲ್ಲ, ನಡೆಯೋ ದಾರಿ ಬರೆಸಿ.

ಇಸ್ತ್ರಿಅಂಗಿ:
ಸರಿ, ಇಬ್ಬರೇ ಉಳಿಯೋದಾದ್ರೆ ನನ್ನ ಮಾತು ವಾಪಸ್.

ಅರ್ಧಸೀಮೆಸುಣ್ಣ:
ಕಲಿಕೆ ಅಳೆಯೋಕೆ ಹತ್ತನೇ ತರಗತಿ ತನಕ ಕಾಯೋದ್ಯಾಕೆ? ಮನೆಮನೆಗೆ ಹೋಗಿ ಮಕ್ಕಳ ಕಲಿಕೆ ಅಳೆಯೋ ಅಸರ್ ಸಮೀಕ್ಷೆಯವರ ವಿಧಾನ ಯಾವ ಎಸ್‌ಡಿಎಂಸಿಯೂ ಮಾಡ್ಬಹುದು. ಓದೋದಕ್ಕೆ ನಾಲ್ಕು ಹಂತ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಲೆಕ್ಕಕ್ಕೆ ಅಂಕಿ ಗುರುತಿಸೋದು, ದಶಕ ತೆಗೆದುಕೊಂಡು ಮಾಡೋ ಎರಡಂಕಿ ಕಳೆಯೋದು, ಮೂರಂಕಿಯನ್ನ ಒಂದಂಕಿಯಿಂದ ಭಾಗಿಸೋದು. ಮಗುವಿಗೆ ಹತ್ತು ನಿಮಿಷ ಸಾಕು.

ತಪ್ಪು ಆಗೋದು ಎರಡು ಕಡೆ. ಪಠ್ಯಪುಸ್ತಕದ ಪಾಠವನ್ನೇ ಕೊಟ್ರೆ ಮಗು ಬಾಯಿಪಾಠ ಒಪ್ಪಿಸುತ್ತೆ, ಓದ್ತಿದೆ ಅಂತ ಮೋಸ ಹೋಗ್ತೀರಿ. ಹೊಸ ಕಥೆ ಕೊಡಿ, ಮಧ್ಯದ ಸಾಲಿಂದ ಓದ್ಸಿ. ಇನ್ನೊಂದು, ತರಗತಿ ಎದುರೇ ಓದ್ಸಬೇಡಿ, ಓದು ಬರೋ ಮಗುವೂ ನಾಚಿ ಸುಮ್ಮನಾಗುತ್ತೆ. ಐದನೇ ತರಗತಿಯಲ್ಲಿ ಕಥೆ ಓದಲಾರದವರು ಎಷ್ಟು ಜನ ಅನ್ನೋ ಒಂದು ಅಂಕಿಯನ್ನ ಜುಲೈ, ನವೆಂಬರ್, ಫೆಬ್ರವರಿ ಮೂರು ಸಲ ತಗೊಂಡ್ರೆ ಶಾಲೆಯ ನಾಡಿ ಸಿಕ್ತು.

ಮೂರನೇಬೆಂಚು:
ಅದನ್ನ ಮಾಡೋಕೆ ಎಸ್‌ಡಿಎಂಸಿಯವ್ರಿಗೆ ಹಕ್ಕಿದೆಯಾ? ಅಧ್ಯಕ್ಷರು ಬರೋದು ಧ್ವಜ ಹಾರಿಸೋ ದಿನ ಮಾತ್ರ.

ಅರ್ಧಸೀಮೆಸುಣ್ಣ:
ಮೇಲ್ವಿಚಾರಣೆ ಅನ್ನೋದು ಹೆಸರಲ್ಲೇ ಇದೆಯಲ್ಲ. ಕಾಯ್ದೆ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟಾರೆ ಅರ್ಧ ಹೆಂಗಸರು. ಆ ತಾಯಂದಿರನ್ನ ಸಹಿಗೆ ಮಾತ್ರ ಕರೀಬೇಡಿ. ಮೇಷ್ಟ್ರನ್ನ ಪರೀಕ್ಷೆ ಮಾಡೋಕೆ ಬಂದ್ವಿ ಅನ್ನೋ ಧಾಟಿಯಲ್ಲೂ ಹೋಗ್ಬೇಡಿ, ಟೀಚರ್ ಜೊತೆ ಕೂತೇ ಮಾಡಿ.

ಪೆನ್ಸಿಲ್‌ತುದಿ:
ಒಂದು ಅರ್ಜೆಂಟ್ ಪ್ರಶ್ನೆ, ವಿಷಯ ಬೇರೆ. ಖಾಸಗಿಯಿಂದ ಸರ್ಕಾರಿಗೆ ಬರೋ ಮಗುವಿಗೆ ಫೀ ಬಾಕಿ ಅಂತ ಟಿಸಿ ಕೊಡ್ತಿಲ್ಲ ಅಂದ್ರೆ? ನಾಲ್ಕನೇ ತರಗತಿ.

ಸೊನ್ನೆಸುತ್ತು:
ಮಗುವನ್ನ ಇವತ್ತೇ ಕೂರಿಸ್ಕೊಳ್ಳಿ. ಆರ್‌ಟಿಇ ಸೆಕ್ಷನ್ 5ರ ಪ್ರಕಾರ ಹಿಂದಿನ ಶಾಲೆ ತಕ್ಷಣ ಟಿಸಿ ಕೊಡ್ಬೇಕು, ಅದು ತಡವಾಯ್ತು ಅಂತ ಹೊಸ ಶಾಲೆ ದಾಖಲಾತಿ ನಿರಾಕರಿಸೋ ಹಾಗಿಲ್ಲ. ತಂದೆಯೋ ತಾಯಿಯೋ ಹಿಂದಿನ ಶಾಲೆಗೆ ಲಿಖಿತ ಅರ್ಜಿ ಕೊಟ್ಟು ಒಂದು ಪ್ರತಿ ಇಟ್ಕೊಳ್ಳಲಿ. ಎಸ್‌ಎಟಿಎಸ್‌ನಲ್ಲಿ ಮಗುವಿನ ಹೆಸರು ಇನ್ನೂ ಅಲ್ಲೇ ಇದ್ರೆ ಮುಖ್ಯ ಶಿಕ್ಷಕರು ಆ ಪ್ರತಿ ಲಗತ್ತಿಸಿ ಬಿಇಒಗೆ ಬರೀಲಿ. ಹೆಸರು ವರ್ಗ ಆಗದೆ ಉಳಿದ್ರೆ ಪುಸ್ತಕ, ಸಮವಸ್ತ್ರದ ಲೆಕ್ಕದಲ್ಲಿ ಮಗು ಇರಲ್ಲ, ನಿಮ್ಮ 61ರಲ್ಲೂ ಇರಲ್ಲ.

ಪೆನ್ಸಿಲ್‌ತುದಿ:
ಎಷ್ಟರ ಒಳಗೆ ಆಗ್ಬೇಕು?

ಸೊನ್ನೆಸುತ್ತು:
ಸೆಪ್ಟೆಂಬರ್ 30. ಯುಡೈಸ್ ಅನ್ನೋ ದೇಶದ ಶಾಲಾ ಅಂಕಿಅಂಶದ ಲೆಕ್ಕಕ್ಕೆ ಹಿಡಿಯೋ ದಿನ ಅದು. ಜುಲೈನಲ್ಲೇ ಬರೆದ್ರೆ ಒಳ್ಳೇದು.

ಹಾಜರಿಪುಸ್ತಕ:
ಎಲ್ಲರಿಗೂ ಧನ್ಯವಾದ. ಜನವರಿ ಪಟ್ಟಿಗೆ ಕಾಲಂ ಏನೇನು ಇರ್ಬೇಕು ಕಪ್ಪುಹಲಗೆಯವ್ರೇ?

ಕಪ್ಪುಹಲಗೆ:
ಮಗುವಿನ ಹೆಸರು, ಹುಟ್ಟಿದ ದಿನಾಂಕ, ಯಾವ ಜೂನ್ 1ಕ್ಕೆ ಆರು ತುಂಬುತ್ತೆ, ಈಗ ಎಲ್ಲಿ ಕೂರ್ತಿದೆ, ಅಣ್ಣ ಅಕ್ಕ ಎಲ್ಲಿ ಓದ್ತಿದಾರೆ, ಮನೆಯಲ್ಲಿ ತೀರ್ಮಾನ ಯಾರದು. ಕೊನೇದನ್ನ ಬಿಡ್ಬೇಡಿ. ಅಪ್ಪನ ಹತ್ರ ಅರ್ಧ ಗಂಟೆ ಮಾತಾಡಿ ಬಂದಿರ್ತೀರಿ, ಶಾಲೆ ಆರ್ಸೋದು ಅಜ್ಜಿ ಆಗಿರ್ತಾರೆ.